ಗುಣಮುಖರಾದ ಮೇಲೂ ಉಳಿಯುವ ನೆರಳು: ಶ್ವಾಸಕೋಶದ ಚಿತ್ರವನ್ನು ಹೇಗೆ ಓದಬೇಕು?

ವಿಶಾಖಪಟ್ಟಣದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸಿಂಹಾಚಲದ ಗಿರಿ ಪ್ರದಕ್ಷಿಣೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆಷಾಢ ಹುಣ್ಣಿಮೆಯ ಹಿಂದಿನ ದಿನ ಬೆಟ್ಟದ ಬುಡದಿಂದ ಹೊರಟು ಅಡವಿವರಂ, ಹನುಮಂತವಾಕ, ಕಡಲತೀರ, ಮಾಧವಧಾರ, ಗೋಪಾಲಪಟ್ಟಣಗಳನ್ನು ಹಾದು ಮರಳಿ ಅಪ್ಪನ್ನನ ಪಾದಮೂಲಕ್ಕೆ ಬಂದು ಸೇರುವ ಈ ನಡಿಗೆ ಸುಮಾರು 32 ಕಿಲೋಮೀಟರುಗಳದು. 2020 ಮತ್ತು 2021ರಲ್ಲಿ ಕೊರೋನಾ ಮಹಾಮಾರಿಯ ಕಾರಣದಿಂದ ಈ ಸಾಮೂಹಿಕ ಪ್ರದಕ್ಷಿಣೆ ನಿಂತಿತ್ತು. ಆ ಎರಡು ವರ್ಷ ಅಕ್ಷಯ ತೃತೀಯೆಯ ಚಂದನೋತ್ಸವವೂ ಭಕ್ತರಿಲ್ಲದೆ ಏಕಾಂತವಾಗಿಯೇ ನೆರವೇರಿತು. 2022ರ ಜುಲೈ ತಿಂಗಳಿನಲ್ಲಿ ಪ್ರದಕ್ಷಿಣೆ ಮತ್ತೆ ಆರಂಭವಾದಾಗ ಲಕ್ಷಾಂತರ ಜನ ನಡೆದರು. ಅವರ ನಡುವೆ ನನ್ನ ಬ್ಯಾಂಕಿನ ಸಹೋದ್ಯೋಗಿಯೊಬ್ಬರೂ ಇದ್ದರು. ಅವರು ಪೂರ್ತಿ ನಡೆಯಲಿಲ್ಲ. ಹನುಮಂತವಾಕದವರೆಗೆ ನಡೆದು, ಅಲ್ಲಿಂದ ಆಟೋ ಹಿಡಿದು ಮನೆಗೆ ಮರಳಿದರು. ಆದರೆ ಅಷ್ಟು ದೂರ ನಡೆದುದೇ ಅವರ ಮನೆಯವರ ಪಾಲಿಗೆ ದೊಡ್ಡ ಸಂಗತಿಯಾಗಿತ್ತು. ಏಕೆಂದರೆ ಅದಕ್ಕೆ ಒಂದು ವರ್ಷ ಮುಂಚೆ, ಒಂದು ಸ್ಕ್ಯಾನ್ ವರದಿಯನ್ನು ಓದಿ, "ಇನ್ನು ನನ್ನಿಂದ ಏನೂ ಆಗದು" ಎಂದು ಅವರು ನಿಶ್ಚಯಿಸಿಬಿಟ್ಟಿದ್ದರು.

ತೀವ್ರವಾದ ವೈರಾಣು ನ್ಯುಮೋನಿಯಾದಿಂದ ಚೇತರಿಸಿಕೊಳ್ಳುವ ಶ್ವಾಸಕೋಶದ ಚಿತ್ರದಲ್ಲಿ ಏನೇನು ಬದಲಾವಣೆಗಳು ಕಾಣುತ್ತವೆ, ಅವುಗಳಲ್ಲಿ ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಲೇಖಕ ವೈದ್ಯನಲ್ಲ; ಕಲಾ ಪದವೀಧರ, ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದವನು. ಆದರೆ ಒಂದು ಅಂಕಿಯನ್ನು ಇನ್ನೊಂದರೊಡನೆ ತಾಳೆ ನೋಡದೆ ನಂಬಬಾರದು ಎಂಬ ಬ್ಯಾಂಕಿನ ಪಾಠ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ಒಂದು ಪದ ಮಾಡಿದ ಅನಾಹುತ

ನಮ್ಮ ಸಹೋದ್ಯೋಗಿ ದಾವಣಗೆರೆಯ ಕಡೆಯವರು. 2021ರ ಮೇ ತಿಂಗಳು, ಎರಡನೆಯ ಅಲೆಯ ಉಬ್ಬರದ ದಿನಗಳು. ಬ್ಯಾಂಕುಗಳು ಅತ್ಯಾವಶ್ಯಕ ಸೇವೆಯ ಪಟ್ಟಿಯಲ್ಲಿದ್ದುದರಿಂದ ನಾವೆಲ್ಲ ಕೌಂಟರಿನಲ್ಲಿಯೇ ಇದ್ದೆವು. ಅವರಿಗೆ ಆಗ 56 ವರ್ಷ. ಜ್ವರ ಬಂದ ಒಂಬತ್ತನೆಯ ದಿನ ತೆಗೆಸಿದ ಸ್ಕ್ಯಾನಿನಲ್ಲಿ 25ಕ್ಕೆ 15 ಅಂಕ ಬಂದಿತ್ತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಆಮ್ಲಜನಕ ಬೇಕಾಯಿತು, ಕೃತಕ ಉಸಿರಾಟದ ಯಂತ್ರದವರೆಗೆ ಹೋಗಲಿಲ್ಲ. ಮನೆಗೆ ಬಂದ ಹತ್ತು ದಿನಕ್ಕೆ, ಯಾವ ವೈದ್ಯರೂ ಹೇಳದಿದ್ದರೂ, ಧೈರ್ಯಕ್ಕಾಗಿ ಎಂದುಕೊಂಡು ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಮತ್ತೊಮ್ಮೆ ಸಿ.ಟಿ. ಮಾಡಿಸಿದರು. ಅಂಕ ಇಳಿಯುವ ಬದಲು 17ಕ್ಕೆ ಏರಿತ್ತು. ಜೊತೆಗೆ ವರದಿಯ ಕೊನೆಯಲ್ಲಿ "ಫೈಬ್ರೋಟಿಕ್ ಬದಲಾವಣೆಗಳು" ಎಂಬ ಪದವಿತ್ತು.

ಅಂದು ರಾತ್ರಿ ಅವರ ಪತ್ನಿ ನನಗೆ ದೂರವಾಣಿ ಮಾಡಿ, "ಅಣ್ಣಾ, ಇವರ ಶ್ವಾಸಕೋಶ ನಾರು ಕಟ್ಟಿಬಿಟ್ಟಿದೆಯಂತೆ, ಇನ್ನು ಸರಿಹೋಗೋದೇ ಇಲ್ಲವಂತೆ, ನಿಜವೇ?" ಎಂದು ಅತ್ತರು. ನನ್ನಲ್ಲಿ ಉತ್ತರವಿರಲಿಲ್ಲ. ಸಹೋದ್ಯೋಗಿ ಮಹಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು, ಬೆಳಗಿನ ನಡಿಗೆಯನ್ನು ಬಿಟ್ಟರು. ಹಾಸಿಗೆಯ ಮೇಲೆ ಕುಳಿತು ಸ್ವಯಂ ನಿವೃತ್ತಿಯ ಅರ್ಜಿಯನ್ನೂ ಬರೆದಿಟ್ಟರು. ಮಗಳ ಓದು ಇನ್ನೂ ಮುಗಿದಿರಲಿಲ್ಲ, ಮನೆಸಾಲ ತೀರಿರಲಿಲ್ಲ. ರೋಗ ಆ ಮನೆಯನ್ನು ಬಿಟ್ಟು ಹೋಗುತ್ತಿದ್ದ ಹೊತ್ತಿನಲ್ಲಿ ಒಂದು ಪದ ಒಳಗೆ ಬಂದು ಕುಳಿತುಬಿಟ್ಟಿತ್ತು.

ಒಳಗೆ ನಡೆಯುವುದೇನು?

ನಮ್ಮ ಶ್ವಾಸಕೋಶದಲ್ಲಿ ಮೂವತ್ತರಿಂದ ಐವತ್ತು ಕೋಟಿ ಸೂಕ್ಷ್ಮ ಗಾಳಿಗೂಡುಗಳಿವೆ. ಗಾಳಿ ತುಂಬಿರುವುದರಿಂದ ಆರೋಗ್ಯವಂತರ ಶ್ವಾಸಕೋಶ ಸಿ.ಟಿ. ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ವೈರಾಣು ಈ ಗೂಡುಗಳ ಗೋಡೆಗೆ ತಗುಲಿದಾಗ ಅಲ್ಲಿ ಉರಿಯೂತವಾಗಿ ದ್ರವ ಜಿನುಗುತ್ತದೆ. ಗೂಡು ಅರೆಬರೆ ತುಂಬಿದ್ದರೆ ಚಿತ್ರದಲ್ಲಿ ಉಜ್ಜಿದ ಗಾಜಿನಂತಹ ಮಸುಕು ಛಾಯೆ ಮೂಡುತ್ತದೆ. ಒಳಗಿನ ರಕ್ತನಾಳಗಳು ಆ ಮಸುಕಿನ ಹಿಂದೆ ಇನ್ನೂ ಕಾಣುತ್ತಿರುತ್ತವೆ. ಗೂಡು ಪೂರ್ತಿ ತುಂಬಿಹೋದರೆ ಆ ಭಾಗ ಅಚ್ಚಬಿಳುಪಾಗಿ, ಗಟ್ಟಿಯಾದಂತೆ ಕಾಣುತ್ತದೆ.

ಕೊರೋನಾ ನ್ಯುಮೋನಿಯಾದಲ್ಲಿ ಈ ಬದಲಾವಣೆಗಳಿಗೆ ಒಂದು ಕಾಲಕ್ರಮವಿದೆ. 2020ರ ಆರಂಭದಲ್ಲಿಯೇ ಚೀನಾದ ವೈದ್ಯರು ರೋಗಿಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಈ ಕ್ರಮವನ್ನು ದಾಖಲಿಸಿದರು. ಮೊದಲ ನಾಲ್ಕು ದಿನ ಅಲ್ಪಸ್ವಲ್ಪ ಮಸುಕು. ಐದರಿಂದ ಎಂಟನೆಯ ದಿನದವರೆಗೆ ವೇಗವಾದ ಹಬ್ಬುವಿಕೆ. ಸುಮಾರು ಹತ್ತನೆಯ ದಿನದ ಹೊತ್ತಿಗೆ ಪರಾಕಾಷ್ಠೆ. ಎರಡು ವಾರಗಳ ನಂತರ ನಿಧಾನವಾಗಿ ಹೀರಿಕೊಳ್ಳುವಿಕೆ. ಇದು ಹೆಚ್ಚು ತೀವ್ರವಲ್ಲದ ರೋಗಿಗಳಲ್ಲಿ ಕಂಡ ಲೆಕ್ಕ. ತೀವ್ರವಾಗಿ ಬಿದ್ದವರಲ್ಲಿ ಪ್ರತಿಯೊಂದು ಹಂತವೂ ಇನ್ನಷ್ಟು ದೀರ್ಘವಾಗುತ್ತದೆ.

ಇಲ್ಲಿಯೇ ಸಾಮಾನ್ಯ ಓದುಗನನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಗಟ್ಟಿಯಾದ ಬಿಳುಪು ಕರಗುವಾಗ ಒಮ್ಮೆಗೇ ಮಾಯವಾಗುವುದಿಲ್ಲ. ನೀರಿನಲ್ಲಿ ಸಕ್ಕರೆ ಕರಗುವ ಹಾಗೆ ಅಂಚಿನಿಂದ ತೆಳುವಾಗುತ್ತಾ ಬರುತ್ತದೆ, ಮತ್ತು ಆ ತೆಳು ಮಸುಕು ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಜಾಗದಲ್ಲಿ ಹರಡಿಕೊಂಡಂತೆ ಕಾಣುತ್ತದೆ. ಗಾಢತೆ ತಗ್ಗಿರುತ್ತದೆ, ಆದರೆ ವಿಸ್ತಾರ ಹೆಚ್ಚಿರುತ್ತದೆ. ಅಂಕ ಕೊಡುವ ಪದ್ಧತಿ ವಿಸ್ತಾರವನ್ನು ಮಾತ್ರ ಎಣಿಸುವುದರಿಂದ, ಮನುಷ್ಯ ಗುಣವಾಗುತ್ತಿರುವಾಗಲೇ ಅಂಕ ಏರಬಹುದು. ಮೊದಲ ಚಿತ್ರವನ್ನು ಒಂಬತ್ತನೆಯ ದಿನವೇ ತೆಗೆದಿದ್ದರಂತೂ, ರೋಗ ತನ್ನ ತುತ್ತತುದಿಯನ್ನು ಮುಟ್ಟುವ ಮೊದಲಿನ ಚಿತ್ರ ಅದು. 15 ಹೋಗಿ 17 ಆದುದರ ಅರ್ಥ ಇಷ್ಟೇ ಇತ್ತು. ಅದನ್ನು ಬಿಡಿಸಿ ಹೇಳುವವರು ಅಂದು ಯಾರೂ ಇರಲಿಲ್ಲ.

25ಕ್ಕೆ 15 ಎಂದರೆ 60 ಶೇಕಡವಲ್ಲ

ಬ್ಯಾಂಕಿನವನಾದ ನಾನೂ ಮೊದಲು ಮಾಡಿದ ತಪ್ಪು ಇದೇ. 25ಕ್ಕೆ 15 ಎಂದೊಡನೆ ಮನಸ್ಸಿನಲ್ಲಿ "ಶೇಕಡ 60 ಶ್ವಾಸಕೋಶ ಹೋಯಿತು" ಎಂದು ಲೆಕ್ಕ ಹಾಕಿದೆ. ಸಾವಿರಾರು ಮನೆಗಳಲ್ಲಿ ಅಂದು ಇದೇ ಲೆಕ್ಕ ನಡೆದಿರಬೇಕು. ವಾಸ್ತವವಾಗಿ ಆ ಅಂಕದ ಕ್ರಮ ಬೇರೆಯೇ ಇದೆ. ಬಲಗಡೆ ಮೂರು, ಎಡಗಡೆ ಎರಡು, ಹೀಗೆ ಶ್ವಾಸಕೋಶಕ್ಕೆ ಐದು ಹಾಲೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಹಾಲೆಯ ಶೇಕಡ 5ಕ್ಕಿಂತ ಕಡಿಮೆ ಭಾಗ ಬಾಧಿತವಾಗಿದ್ದರೆ ಒಂದು, 25ರವರೆಗೆ ಎರಡು, 50ರವರೆಗೆ ಮೂರು, 75ರವರೆಗೆ ನಾಲ್ಕು, ಅದಕ್ಕಿಂತ ಹೆಚ್ಚಾದರೆ ಐದು.

ಈಗ ತಾಳೆ ನೋಡೋಣ. ಐದೂ ಹಾಲೆಗಳಲ್ಲಿ ಶೇಕಡ 30ರಷ್ಟು ಭಾಗ ಬಾಧಿತವಾಗಿದೆ ಎಂದುಕೊಳ್ಳಿ. ಪ್ರತಿ ಹಾಲೆಗೆ ಮೂರರಂತೆ ಒಟ್ಟು 15 ಬರುತ್ತದೆ. ಅಂದರೆ 25ಕ್ಕೆ 15 ಬಂದವರ ಶ್ವಾಸಕೋಶದಲ್ಲಿ ಶೇಕಡ 30ರಷ್ಟು ಭಾಗ ಮಾತ್ರ ಬಾಧಿತವಾಗಿರುವುದು ಸಾಧ್ಯ. ಇನ್ನೂ ಮುಖ್ಯವಾದುದೆಂದರೆ, ಬಾಧಿತ ಎಂದರೆ ನಾಶವಾದುದು ಎಂದಲ್ಲ. ನೀರು ನುಗ್ಗಿದ ಮನೆ ಬೇರೆ, ಕುಸಿದ ಮನೆ ಬೇರೆ. ಈ ಅಂಕ ಹುಟ್ಟಿದ್ದು ರೋಗದ ಉಬ್ಬರದಲ್ಲಿ ತೀವ್ರತೆಯನ್ನು ಅಂದಾಜು ಮಾಡಲೆಂದು. ಚೇತರಿಕೆಯನ್ನು ಅಳೆಯುವುದಕ್ಕೆ ಅದು ತಕ್ಕ ಮಾನದಂಡವಲ್ಲ.

ನಾರು ಮತ್ತು ನಾರಿನಂತಹುದು

ಇನ್ನು ಆ ಭಯಂಕರ ಪದದ ವಿಚಾರ. ಫೈಬ್ರೋಸಿಸ್ ಎಂದರೆ ಗಾಯ ಮಾಗುವಾಗ ಮೃದುವಾದ ಅಂಗಾಂಶದ ಜಾಗದಲ್ಲಿ ನಾರಿನಂತಹ ಗಡಸು ಅಂಗಾಂಶ ಬೆಳೆಯುವುದು. ತೀವ್ರ ನ್ಯುಮೋನಿಯಾದ ನಂತರ ಚಿತ್ರದಲ್ಲಿ ಹೊರ ಅಂಚಿಗೆ ಸಮಾನಾಂತರವಾದ ಎಳೆಗಳು, ಪಟ್ಟಿಗಳು, ಸ್ವಲ್ಪ ಸೆಳೆದುಕೊಂಡಂತೆ ಅಗಲವಾದ ಗಾಳಿನಾಳಗಳು ಕಾಣುವುದುಂಟು. ಮೊದಲ ತಿಂಗಳುಗಳಲ್ಲಿ ಇವು ಶಾಶ್ವತವಾದ ಕಲೆಗಳೋ, ಇನ್ನೂ ಮಾಗುತ್ತಿರುವ ಗಾಯದ ಗುರುತುಗಳೋ ಎಂದು ಚಿತ್ರ ನೋಡಿ ಖಚಿತವಾಗಿ ಹೇಳಲಾಗದು. ಆದುದರಿಂದಲೇ ಸಂಶೋಧಕರು "ನಾರಿನಂತಹ ಬದಲಾವಣೆ" ಎಂಬ ಎಚ್ಚರಿಕೆಯ ಮಾತನ್ನು ಬಳಸುತ್ತಾರೆ. ಆ "ಅಂತಹ" ಎಂಬ ಮೂರಕ್ಷರ ಮನೆಗಳಿಗೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ.

ವರ್ಷಗಳ ಲೆಕ್ಕ ಏನು ಹೇಳುತ್ತದೆ? ವುಹಾನ್ ನಗರದಲ್ಲಿ ತೀವ್ರ ಕೊರೋನಾ ನ್ಯುಮೋನಿಯಾದಿಂದ ಬದುಕುಳಿದ 114 ಜನರನ್ನು ಆರು ತಿಂಗಳ ನಂತರ ಪರೀಕ್ಷಿಸಿದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ನಾರಿನಂತಹ ಬದಲಾವಣೆಗಳಿದ್ದವು. ಇನ್ನೂ ಸ್ವಲ್ಪ ಹೆಚ್ಚು ಜನರ ಚಿತ್ರ ಪೂರ್ತಿ ತಿಳಿಯಾಗಿತ್ತು. ಕೃತಕ ಉಸಿರಾಟದ ಯಂತ್ರ ಬೇಕಾಗದಿದ್ದ 83 ತೀವ್ರ ರೋಗಿಗಳನ್ನು ಅದೇ ನಗರದ ವೈದ್ಯರು ಒಂದು ವರ್ಷ ಹಿಂಬಾಲಿಸಿದಾಗ, ವರ್ಷದ ಕೊನೆಗೆ ಚಿತ್ರದಲ್ಲಿ ದೋಷ ಉಳಿದಿದ್ದವರು ಶೇಕಡ 24. ಮತ್ತೊಂದು ಅಧ್ಯಯನದ 144 ಜನರಲ್ಲಿ, ಆರು ತಿಂಗಳಲ್ಲಿ ಶೇಕಡ 54 ಮಂದಿಗೆ ಇದ್ದ ದೋಷ ಎರಡು ವರ್ಷಕ್ಕೆ ಶೇಕಡ 39 ಮಂದಿಗೆ ಇಳಿಯಿತು.

ಇದಕ್ಕೂ ಹಳೆಯ ಪಾಠವೊಂದಿದೆ. 2003ರ ಸಾರ್ಸ್ ಕಾಯಿಲೆಯಲ್ಲಿ ಸೋಂಕು ತಗುಲಿದ ಬೀಜಿಂಗಿನ ಆಸ್ಪತ್ರೆಯೊಂದರ 71 ಸಿಬ್ಬಂದಿಯನ್ನು 2018ರವರೆಗೆ, ಅಂದರೆ 15 ವರ್ಷಗಳ ಕಾಲ ವೈದ್ಯರು ಗಮನಿಸುತ್ತಾ ಬಂದರು. 2003ರಲ್ಲಿ ಶ್ವಾಸಕೋಶದ ಸರಾಸರಿ ಶೇಕಡ 9.4 ಭಾಗದಲ್ಲಿದ್ದ ಗುರುತುಗಳು 2004ಕ್ಕೆ 3.2ಕ್ಕೆ ಇಳಿದವು. ಅಲ್ಲಿಂದ ಮುಂದೆ ಹೆಚ್ಚು ಬದಲಾಗದೆ 2018ರಲ್ಲಿ 4.6ರಷ್ಟಿದ್ದವು. ಈ ಅಂಕಿಗಳಲ್ಲಿ ಎರಡು ಸತ್ಯಗಳಿವೆ. ಒಂದು, ಚೇತರಿಕೆಯ ದೊಡ್ಡ ಪಾಲು ಮೊದಲ ವರ್ಷದಲ್ಲಿಯೇ ನಡೆಯುತ್ತದೆ; ಎರಡನೆಯ ತಿಂಗಳಿನಲ್ಲಿ ತೆಗೆದ ಚಿತ್ರ ತೀರ್ಪಲ್ಲ, ಮಧ್ಯಂತರ ವರದಿ. ಎರಡು, ಕೆಲವರಲ್ಲಿ ಸ್ವಲ್ಪ ಗುರುತು ಉಳಿದೇ ಉಳಿಯುತ್ತದೆ, ಮತ್ತು ಹಾಗೆ ಉಳಿದದ್ದು ಸಾಮಾನ್ಯವಾಗಿ ವರ್ಷ ವರ್ಷವೂ ಬೆಳೆಯುತ್ತಾ ಹೋಗುವುದಿಲ್ಲ. ಕಾರಣವೇ ತಿಳಿಯದೆ ಬರುವ, ಮುಂದುವರಿಯುತ್ತಲೇ ಹೋಗುವ ಶ್ವಾಸಕೋಶದ ನಾರುರೋಗಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಎಷ್ಟು ಸಲ, ಯಾವಾಗ?

ಸ್ಕ್ಯಾನಿನ ವಿಕಿರಣದ ಬಗ್ಗೆ 2021ರ ಮೇ ತಿಂಗಳಿನಲ್ಲಿ ನಡೆದ ವಿವಾದ ಓದುಗರಿಗೆ ನೆನಪಿರಬಹುದು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು ಒಂದು ಸಿ.ಟಿ. ಸ್ಕ್ಯಾನ್ 300ರಿಂದ 400 ಎದೆಯ ಎಕ್ಸ್-ರೇಗಳಿಗೆ ಸಮ ಎಂದು ಎಚ್ಚರಿಸಿದರು. ವಿಕಿರಣ ತಜ್ಞರ ರಾಷ್ಟ್ರೀಯ ಸಂಘಟನೆ ಅದನ್ನು ಒಪ್ಪದೆ, ಅತಿ ಕಡಿಮೆ ವಿಕಿರಣ ಬಳಸುವ ಇಂದಿನ ಯಂತ್ರಗಳಲ್ಲಿ ಅದು 5ರಿಂದ 10 ಎಕ್ಸ್-ರೇಗಳಷ್ಟೇ ಎಂದಿತು. ಸಾಮಾನ್ಯವಾಗಿ ಒಪ್ಪಿರುವ ಅಂಕಿಗಳಂತೆ ಒಂದು ಎದೆಯ ಎಕ್ಸ್-ರೇ ಸುಮಾರು 0.1 ಮಿಲಿಸೀವರ್ಟ್, ಕಡಿಮೆ ವಿಕಿರಣದ ಸಿ.ಟಿ. ಒಂದೂವರೆ, ಮಾಮೂಲಿ ಸಿ.ಟಿ. ಆರೇಳು ಮಿಲಿಸೀವರ್ಟ್. ಜಗತ್ತಿನಲ್ಲಿ ಮನುಷ್ಯನೊಬ್ಬನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4ರಷ್ಟು ಬರುತ್ತದೆ. ಆದುದರಿಂದ ಅಗತ್ಯವಿದ್ದಾಗ ಒಂದು ಸ್ಕ್ಯಾನಿಗೆ ಹೆದರಬೇಕಾಗಿಲ್ಲ. ಅಗತ್ಯವಿಲ್ಲದೆ ತಿಂಗಳಿಗೊಂದು ಮಾಡಿಸುವುದು ಜಾಣತನವೂ ಅಲ್ಲ. ವಿಕಿರಣಕ್ಕಿಂತ ಹೆಚ್ಚಿನ ಹಾನಿ ಮಾಡುವುದು ಅಕಾಲದ ಚಿತ್ರ ಹುಟ್ಟಿಸುವ ಭಯ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಹಾಗಾದರೆ ಯಾವಾಗ ಮಾಡಿಸಬೇಕು? ಬ್ರಿಟನ್ನಿನ ಎದೆರೋಗ ತಜ್ಞರ ಸಂಸ್ಥೆ 2020ರಲ್ಲಿ ಸೂಚಿಸಿದ ಕ್ರಮ ಸರಳವಾಗಿದೆ. ತೀವ್ರ ನ್ಯುಮೋನಿಯಾದವರನ್ನು ಬಿಡುಗಡೆಯಾದ ನಾಲ್ಕರಿಂದ ಆರು ವಾರಕ್ಕೆ ವೈದ್ಯರು ವಿಚಾರಿಸಬೇಕು. ಹನ್ನೆರಡನೆಯ ವಾರಕ್ಕೆ ಒಂದು ಎಕ್ಸ್-ರೇ. ಅದು ತಿಳಿಯಾಗಿದ್ದು ಉಸಿರಾಟವೂ ಸರಾಗವಾಗಿದ್ದರೆ ಅಲ್ಲಿಗೆ ಮುಗಿಯಿತು. ನೆರಳು ಉಳಿದಿದ್ದರೆ ಅಥವಾ ಏದುಸಿರು ಹೋಗದಿದ್ದರೆ ಆಗ ಸಿ.ಟಿ., ಜೊತೆಗೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ. ಅಂದರೆ ಕ್ಯಾಮರಾ ಮೊದಲಲ್ಲ, ಮನುಷ್ಯ ಮೊದಲು.

ತಾಳೆ ನೋಡುವ ವಿದ್ಯೆ

ಪ್ರತಿ ಸ್ಕ್ಯಾನ್ ವರದಿಯ ತುದಿಯಲ್ಲಿ ಬಹುಮಟ್ಟಿಗೆ ಒಂದು ಸಾಲು ಇರುತ್ತದೆ: ರೋಗಲಕ್ಷಣಗಳೊಡನೆ ಹೊಂದಿಸಿ ನೋಡತಕ್ಕದ್ದು ಎಂಬ ಅರ್ಥದ್ದು. ಯಾರೂ ಓದದ ಆ ಸಾಲೇ ವರದಿಯ ಅತ್ಯಂತ ಮುಖ್ಯವಾದ ಸಾಲು. ಒಂದು ದಿನದ ಶಿಲ್ಕು ನೋಡಿ ಗ್ರಾಹಕನ ಯೋಗ್ಯತೆಯನ್ನು ಯಾವ ಬ್ಯಾಂಕೂ ನಿರ್ಧರಿಸುವುದಿಲ್ಲ. ವರ್ಷದ ವಹಿವಾಟು ನೋಡುತ್ತದೆ, ಆಸ್ತಿ ನೋಡುತ್ತದೆ, ಮನುಷ್ಯನನ್ನೂ ಕರೆದು ಮಾತನಾಡಿಸುತ್ತದೆ.

ನಮ್ಮ ಸಹೋದ್ಯೋಗಿಯ ವಿಷಯದಲ್ಲಿಯೂ ಕೊನೆಗೆ ನಡೆದದ್ದು ಅದೇ. ನಾವು ಒತ್ತಾಯಪಡಿಸಿ ಎದೆರೋಗದ ವೈದ್ಯರೊಬ್ಬರ ಬಳಿ ಕರೆದೊಯ್ದೆವು. ಅವರು ಚಿತ್ರಗಳ ಲಕೋಟೆಯನ್ನು ಮೇಜಿನ ಮೇಲೆ ಇಟ್ಟು, ಮೊದಲು ಪಡಸಾಲೆಯಲ್ಲಿ ಆರು ನಿಮಿಷ ನಡೆಯಲು ಹೇಳಿದರು. ಬೆರಳಿನ ಆಕ್ಸಿಮೀಟರು 96ರಿಂದ 94ಕ್ಕೆ ಇಳಿದು ಅಲ್ಲಿಯೇ ನಿಂತಿತು. ಆಮೇಲೆ ಲಕೋಟೆ ಬಿಚ್ಚಿ ನೋಡಿ, "ಚಿತ್ರ ನಿಮಗಿಂತ ಹಿಂದೆ ಉಳಿದಿದೆ. ನೀವು ಅದಕ್ಕಾಗಿ ಕಾಯಬೇಡಿ, ನಡೆಯಿರಿ" ಎಂದರು. ದಿನಕ್ಕೆ ಎಷ್ಟು ಹೆಜ್ಜೆ, ಯಾವ ಉಸಿರಾಟದ ವ್ಯಾಯಾಮ, ಸ್ಟೀರಾಯ್ಡ್ ಮಾತ್ರೆಯನ್ನು ಯಾವ ದಿನಕ್ಕೆ ನಿಲ್ಲಿಸಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಸ್ವಯಂ ನಿವೃತ್ತಿಯ ಅರ್ಜಿ ಮೇಜಿನ ಸೆಳೆಯಲ್ಲಿಯೇ ಉಳಿಯಿತು. ಒಂದು ವರ್ಷದ ನಂತರ ತೆಗೆದ ಒಂದೇ ಸ್ಕ್ಯಾನಿನಲ್ಲಿ ಮಸುಕೆಲ್ಲ ಹೋಗಿತ್ತು. ತಳಭಾಗದಲ್ಲಿ ಎರಡು ಮೂರು ತೆಳು ಪಟ್ಟಿಗಳು ಉಳಿದಿದ್ದವು. ಆ ಪಟ್ಟಿಗಳು ಈಗಲೂ ಇರಬಹುದು. ಸಿಂಹಾಚಲದ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಎರಡು ಕಡೆ ಹೆಚ್ಚು ಕೂರುತ್ತಾರೆ. ಆದರೆ ಕೆಲಸಕ್ಕೆ ಮರಳಿ, 60 ತುಂಬಿದ ಮೇಲೆಯೇ ನಿವೃತ್ತರಾದರು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ ಎಂಬುದನ್ನು ಮರೆಮಾಚಬಾರದು. ವಾರಗಟ್ಟಲೆ ಕೃತಕ ಉಸಿರಾಟದಲ್ಲಿದ್ದವರು, ವಯಸ್ಸಾದವರು, ಧೂಮಪಾನಿಗಳು, ಮೊದಲೇ ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ ಗುರುತುಗಳು ಹೆಚ್ಚಾಗಿ ಉಳಿಯುತ್ತವೆ. ಕೆಲವರಿಗೆ ಮನೆಯಲ್ಲಿಯೇ ಆಮ್ಲಜನಕ ಬೇಕಾದುದೂ ಉಂಟು. ಅಂಥವರಿಗೆ ಧೈರ್ಯದ ಮಾತಿಗಿಂತ ನಿಯಮಿತ ಚಿಕಿತ್ಸೆ ಮುಖ್ಯ.

ಮನೆಯವರು ಗಮನಿಸಬೇಕಾದ ಸಂಗತಿಗಳು

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ವೈರಾಣು ನ್ಯುಮೋನಿಯಾ ಮುಗಿದಿಲ್ಲ. ಫ್ಲೂ ಜ್ವರ ಪ್ರತಿವರ್ಷ ಕೆಲವರ ಎದೆಗೆ ಇಳಿಯುತ್ತದೆ. 2009ರ ಎಚ್1ಎನ್1 ಹಾವಳಿಯನ್ನು ಹಿರಿಯರು ಮರೆತಿರಲಾರರು. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್.ಎಂ.ಪಿ.ವಿ. ಪತ್ತೆಯಾದಾಗ, ಅದು ಹಳೆಯ ಪರಿಚಿತ ವೈರಾಣುವೇ ಆಗಿದ್ದರೂ, ಎಷ್ಟು ಗಾಬರಿ ಹಬ್ಬಿತೆಂಬುದನ್ನು ನೋಡಿದ್ದೇವೆ. ಆದುದರಿಂದ ಮುಂದೆ ಯಾರ ಮನೆಗಾದರೂ ಬೇಕಾಗಬಹುದಾದ ನಾಲ್ಕು ಮಾತುಗಳು:

ಮೊದಲನೆಯದು, ಹಳೆಯ ಚಿತ್ರಗಳನ್ನು ಎಸೆಯಬೇಡಿ. ಹಿಂದಿನದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಹೊಸ ಚಿತ್ರಕ್ಕೆ ಅರ್ಥ ಬರುತ್ತದೆ. ಎರಡನೆಯದು, ಬಿಡುಗಡೆಯ ನಂತರ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ದೂರ ನಡೆದರು, ನಡೆದ ಮೇಲೆ ಆಕ್ಸಿಮೀಟರು ಎಷ್ಟು ತೋರಿತು, ಎಷ್ಟು ಮೆಟ್ಟಿಲಿಗೆ ಉಸಿರು ಕಟ್ಟಿತು. ವೈದ್ಯರಿಗೆ ಈ ಪುಸ್ತಕ ಒಂದು ಸ್ಕ್ಯಾನಿನಷ್ಟೇ ಬೆಲೆಯುಳ್ಳದ್ದು. ಮೂರನೆಯದು, ವಾರಗಳು ಕಳೆದಂತೆ ಏದುಸಿರು ಹೆಚ್ಚಾಗುತ್ತಿದ್ದರೆ, ಜ್ವರ ಮರುಕಳಿಸಿದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿ. ನಮ್ಮ ದೇಶದಲ್ಲಿ ಹೋಗದ ನೆರಳಿನ ಹಿಂದೆ ಕ್ಷಯ ಅಡಗಿರಬಹುದು. ಅದನ್ನು ಹೇಳುವುದು ಕಫ ಪರೀಕ್ಷೆ, ಊಹೆಯಲ್ಲ. ನಾಲ್ಕನೆಯದು, ವರದಿಯಲ್ಲಿನ ಪದ ನೋಡಿ ನಾರುರೋಗದ ಮಾತ್ರೆಗಳನ್ನೋ ಸ್ಟೀರಾಯ್ಡ್ ಮಾತ್ರೆಗಳನ್ನೋ ತಾವಾಗಿಯೇ ಮುಂದುವರಿಸಬೇಡಿ. ಸಕ್ಕರೆ ಕಾಯಿಲೆ ಇರುವ ಮನೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಸಿಂಹಾಚಲದ ಸ್ವಾಮಿ ವರ್ಷವಿಡೀ ಚಂದನದ ಲೇಪದೊಳಗಿದ್ದು, ಅಕ್ಷಯ ತೃತೀಯೆಯ ಒಂದು ದಿನ ಮಾತ್ರ ನಿಜರೂಪ ದರ್ಶನ ನೀಡುತ್ತಾನೆ. ಅದಕ್ಕೆ ಮುಂಚೆ ಬಂದು ನೋಡಿದವನು, ಇದೇ ಸ್ವಾಮಿಯ ರೂಪ ಎಂದು ಹೇಳಿದರೆ ಸರಿಯಾದೀತೇ? ಚೇತರಿಸಿಕೊಳ್ಳುತ್ತಿರುವ ಶ್ವಾಸಕೋಶಕ್ಕೂ ತನ್ನ ನಿಜರೂಪ ತೋರಲು ಕಾಲ ಬೇಕು. ಆ ತಿಂಗಳುಗಳಲ್ಲಿ ಮನೆಯ ಹಿರಿಯರ ಜೊತೆಗೆ ಸಂಜೆ ಬೀದಿಯ ಕೊನೆಯವರೆಗೆ ಒಬ್ಬರು ನಡೆದುಬಂದರೆ, ಅದು ಇನ್ನೊಂದು ಸ್ಕ್ಯಾನಿಗಿಂತ ಹೆಚ್ಚು ಉಪಕಾರ ಮಾಡೀತು.